ಬೂಟಿಗೆ ಮೂರು ಸಚಿವಾಲಯ

ನನ್ನ ಗಣರಾಜ್ಯದಲ್ಲಿ ಒಂದು ಜೊತೆ ಬೂಟು ತಯಾರಾಗಬೇಕಾದರೆ ಮೂರು ಸಚಿವಾಲಯಗಳು ಒಪ್ಪಬೇಕು. ಹೊಲಿಯುವ ಕಾರ್ಖಾನೆಗಳು ಲಘು ಕೈಗಾರಿಕೆ ಸಚಿವಾಲಯದವು. ತೊಗಲು ಬರುವುದು ಮಾಂಸ ಮತ್ತು ಹೈನು ಸಚಿವಾಲಯದ ಕಸಾಯಿಖಾನೆಗಳಿಂದ. ಅಟ್ಟೆ ಅಂಟಿಸುವ ಅಂಟು ರಾಸಾಯನಿಕ ಕೈಗಾರಿಕೆ ಸಚಿವಾಲಯದ್ದು. ಮಾಂಸದ ಸಚಿವರ ವರ್ಷದ ಗುರಿಯನ್ನು ಮಾಂಸದ ತೂಕದಲ್ಲಿ ಅಳೆಯುತ್ತಾರೆ. ಹಾಗಾಗಿ ತೊಗಲನ್ನು ಹೇಗೆ ಸುಲಿದರು, ಚಾಕು ತಗಲಿ ಎಲ್ಲೆಲ್ಲಿ ತೂತಾಯಿತು ಎಂಬುದು ಅವರ ತಲೆನೋವಲ್ಲ. ಚಳಿಗಾಲ ಬಂದಾಗ ರಾಜಧಾನಿಯಲ್ಲಿ ಬೂಟಿಲ್ಲ ಎಂದು ಬೈಸಿಕೊಳ್ಳುವವರು ಲಘು ಕೈಗಾರಿಕೆಯ ಸಚಿವರೊಬ್ಬರೇ.

ಈ ಗಣರಾಜ್ಯ ಯಾವ ಭೂಪಟದಲ್ಲೂ ಇಲ್ಲ. ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ನಾವು ತಯಾರಿಸುತ್ತಿದ್ದ ಕಂಪ್ಯೂಟರ್ ಆಟದಲ್ಲಿತ್ತು. ಆಡುವವರು ಒಂದು ಕಮ್ಯುನಿಸ್ಟ್ ದೇಶದ ಮಂತ್ರಿ ಪರಿಷತ್ತಿನ ಅಧ್ಯಕ್ಷರಾಗಿ, ಅಂದರೆ ಹೆಚ್ಚುಕಡಿಮೆ ಪ್ರಧಾನಿಯಾಗಿ, ದೇಶ ನಡೆಸಬೇಕು. ಆ ಸರ್ಕಾರವನ್ನು ಒಳಗಿನಿಂದ ಕಟ್ಟುವ ಕೆಲಸಕ್ಕೆಂದೇ ನನ್ನನ್ನು ತೆಗೆದುಕೊಂಡಿದ್ದರು. ಗುತ್ತಿಗೆಯೂ ಅಷ್ಟಕ್ಕೇ. ಸರ್ಕಾರದ ಭಾಗ ಆಟದಲ್ಲಿ ಉಳಿದರೆ ನನ್ನ ಗುತ್ತಿಗೆ ಮುಂದುವರಿಯುತ್ತದೆ, ಕೈಬಿಟ್ಟರೆ ನಾನೂ ಹೊರಗೆ. ಕೆಲಸ ಹೋದರೆ ವೀಸಾ ಹೋಗುತ್ತದೆ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ.

ಮೊದಲ ತಿಂಗಳುಗಳು ಬರೀ ಓದಿನಲ್ಲಿ ಕಳೆದವು. ಅಂಥ ದೇಶಗಳ ಸರ್ಕಾರ ನೋಡಲು ಬಹಳ ದೊಡ್ಡದು. ನಮ್ಮಲ್ಲಿ ಕೈಗಾರಿಕೆ ಎಂದರೆ ಒಂದು ಖಾತೆ. ಅಲ್ಲಿ ಕಬ್ಬಿಣಕ್ಕೊಂದು, ಕಲ್ಲಿದ್ದಲಿಗೊಂದು, ಟ್ರ್ಯಾಕ್ಟರಿಗೊಂದು, ಮೀನಿಗೊಂದು. ಇವುಗಳ ಜೊತೆಗೆ ಯೋಜನಾ ಸಮಿತಿ, ಬೆಲೆ ಸಮಿತಿ, ಸರಬರಾಜು ಸಮಿತಿ. ಹೆಸರಿಗೆ ಸಮಿತಿಗಳಾದರೂ ಅವುಗಳ ಅಧ್ಯಕ್ಷರು ಸಚಿವರ ಸಾಲಿನಲ್ಲೇ ಕೂರುತ್ತಾರೆ. ಇಡೀ ಪರಿಷತ್ತು ಸೇರುವುದು ಅಪರೂಪ. ದಿನನಿತ್ಯದ ತೀರ್ಮಾನ ಮಾಡುವುದು ಅಧ್ಯಕ್ಷ ಮತ್ತು ಉಪಾಧ್ಯಕ್ಷರ ಸಣ್ಣ ಮಂಡಳಿ. ಇದು ಒಂದು ಏಣಿ.

ಇದರ ಪಕ್ಕದಲ್ಲೇ ಇನ್ನೊಂದು ಏಣಿ ನಿಂತಿರುತ್ತದೆ. ಅದು ಪಕ್ಷದ್ದು. ಪಕ್ಷದ ಕೇಂದ್ರ ಸಮಿತಿಯಲ್ಲಿ ಹಲವು ವಿಭಾಗಗಳು, ಒಂದೊಂದು ವಿಭಾಗದ ಕಣ್ಣು ಒಂದಷ್ಟು ಸಚಿವಾಲಯಗಳ ಮೇಲೆ. ವಿಭಾಗದ ಮುಖ್ಯಸ್ಥನ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ಆತ ಒಪ್ಪದೆ ಯಾರೂ ಸಚಿವರಾಗುವಂತಿಲ್ಲ. ನಾನು ಬರೆದ ನಿಯಮ ಇದೇ. ಅಧ್ಯಕ್ಷರು ಲಘು ಕೈಗಾರಿಕೆಗೆ ಒಬ್ಬರನ್ನು ಆರಿಸುತ್ತಾರೆ, ಸ್ವಲ್ಪ ದಿನ ಏನೂ ಆಗುವುದಿಲ್ಲ, ಆಮೇಲೆ ಬೇರೊಬ್ಬರು ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಪುಸ್ತಕ ಬೇಕಿರಲಿಲ್ಲ. ಮುಖ್ಯಮಂತ್ರಿಯಾದವರು ಹೆಸರುಗಳನ್ನು ಹಿಡಿದು ದೆಹಲಿಗೆ ಹಾರುವುದನ್ನೂ ಬೇರೆ ಹೆಸರುಗಳನ್ನು ಹಿಡಿದು ಮರಳುವುದನ್ನೂ ಚಿಕ್ಕಂದಿನಿಂದ ಟಿವಿಯಲ್ಲಿ ನೋಡಿದವಳು ನಾನು. ಎರಡೂ ಒಂದೇ ಅಲ್ಲ ಎಂದು ಗೊತ್ತು. ಆದರೆ ಕುರ್ಚಿ ಒಂದು ಕಡೆ, ಅದನ್ನು ಆಡಿಸುವ ಕೈ ಇನ್ನೊಂದು ಕಡೆ ಎಂಬುದು ನಮಗೆ ವಿವರಿಸಬೇಕಾದ ಸಂಗತಿಯಲ್ಲ.

ನಮ್ಮ ಸ್ಟುಡಿಯೋದಲ್ಲಿ ಇನ್ನೊಬ್ಬರು ಕನ್ನಡದವರಿದ್ದರು. ಧಾರವಾಡದವರು, ಹಿರಿಯ ಪ್ರೋಗ್ರಾಮರ್. ನಾನು ಕಾಗದದ ಮೇಲೆ ಬರೆದ ನಿಯಮಗಳನ್ನು ಯಂತ್ರದೊಳಗೆ ಓಡುವಂತೆ ಮಾಡುತ್ತಿದ್ದದ್ದು ಅವರು. ಆಫೀಸಿನಲ್ಲಿ ನನ್ನ ಜೊತೆ ಬೆಂಗಳೂರಿನ ಕನ್ನಡದಲ್ಲಿ ಮಾತಾಡುತ್ತಿದ್ದರು, ಅದೂ ಮೆಲ್ಲಗೆ. ಬೇರೆಯವರಿದ್ದಾಗ ಇಂಗ್ಲಿಷ್ ಮಾತ್ರ. ಅವರ ಹೆಂಡತಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಡಾಕ್ಟರ್. ನೈಟ್ ಡ್ಯೂಟಿ ಇಲ್ಲದ ವಾರ ಆಕೆ ಕಳಿಸಿದ ಚಪಾತಿ, ಶೇಂಗಾ ಚಟ್ನಿ ನನ್ನ ಮೇಜಿಗೂ ಬರುತ್ತಿತ್ತು.

ಎರಡನೇ ಏಣಿಯ ನಿಯಮ ಓದಿದ ದಿನ ಅವರು ಕುರ್ಚಿ ತಿರುಗಿಸಿ ನಕ್ಕರು.

"ಇದು ಹೈಕಮಾಂಡ್ ಅಲ್ವೇನ್ರಿ ಮೇಡಂ?"

"ಅದಕ್ಕಿಂತ ಬಿಗಿ."

"ಇಲ್ಲಿನವರಿಗೆ ತಿಳಿಯಲ್ಲ ನೋಡ್ರಿ. ಅವ್ರ ಪ್ರಧಾನಿ ಬೆಳಿಗ್ಗೆ ಎದ್ದು ಮಂತ್ರೀನ ಕಿತ್ತಾಕ್ತಾನೆ, ಮಧ್ಯಾಹ್ನ ಹೊಸಬನ್ನ ಕೂರಿಸ್ತಾನೆ."

ಅವರು ಹೇಳಿದ್ದು ಸರಿಯಾಗಿತ್ತು. ಮೊದಲ ಪರೀಕ್ಷಾ ಸುತ್ತಿಗೆ ಹೊರಗಿನಿಂದ ಆಟಗಾರರನ್ನು ಕರೆಸಿದೆವು. ನಾನು ಅವರ ಹಿಂದೆ ನಿಂತು ನೋಡುತ್ತಿದ್ದೆ. ಮಾತಾಡುವಂತಿಲ್ಲ, ಸಹಾಯ ಮಾಡುವಂತಿಲ್ಲ. ಎಲ್ಲರೂ ಸಚಿವರನ್ನು ಆರಿಸಿದರು. ಎಲ್ಲರಿಗೂ ಬೇರೊಬ್ಬ ಸಚಿವ ಬಂದ. ಒಬ್ಬ ಹುಬ್ಬು ಗಂಟಿಕ್ಕಿ ಮತ್ತೆ ಮತ್ತೆ ಅದೇ ಗುಂಡಿ ಒತ್ತಿದ. ಇನ್ನೊಬ್ಬಳು ನನ್ನ ಕಡೆ ತಿರುಗಿ, "ಸಾರಿ, ನಿಮ್ಮ ಆಟ ಕೆಟ್ಟಿದೆ," ಎಂದಳು. ಸಂಜೆ ದೋಷಗಳ ಪಟ್ಟಿಯಲ್ಲಿ ಒಂದೇ ದೂರು ಬೇರೆಬೇರೆ ಮಾತುಗಳಲ್ಲಿ ಬಂದಿತ್ತು: ನಾನು ನೇಮಿಸಿದವರು ನೇಮಕವಾಗುತ್ತಿಲ್ಲ.

ಇದು ನಿಜವಾದ ಸಮಸ್ಯೆ, ಒಪ್ಪಿಕೊಂಡೆ. ವ್ಯವಸ್ಥೆ ಸರಿಯಿದ್ದರೂ ಆಡುವವರಿಗೆ ಕಾಣದಿದ್ದರೆ ಅದು ದೋಷವೇ. ಎರಡೂ ಏಣಿಗಳ ನಕ್ಷೆಯೊಂದನ್ನು ಬರೆದು ಪರದೆಯ ಮೂಲೆಯಲ್ಲಿ ಇಟ್ಟೆ. ಮುಂದಿನ ಸುತ್ತಿನಲ್ಲಿ ಒಬ್ಬನನ್ನು ಬಿಟ್ಟು ಯಾರೂ ಅದನ್ನು ತೆರೆಯಲಿಲ್ಲ. ತೆರೆದವನು ಆಕಳಿಸಿದ.

ನಾನು ಇನ್ನೊಂದು ದಾರಿ ಹುಡುಕುತ್ತಿರುವಾಗಲೇ ನಮ್ಮ ವಿನ್ಯಾಸ ಮುಖ್ಯಸ್ಥ ತನ್ನ ದಾರಿ ಹುಡುಕಿಬಿಟ್ಟಿದ್ದ. ಸೈಕಲ್ ಮೇಲೆ ಬರುವ, ಎಲ್ಲರ ಜೊತೆ ನಗುತ್ತಾ ಮಾತಾಡುವ ಮನುಷ್ಯ. ಸ್ಟುಡಿಯೋದಲ್ಲಿ ಮೇಲುಕೀಳಿಲ್ಲ, ಎಲ್ಲ ತೀರ್ಮಾನ ಶುಕ್ರವಾರದ ಸಭೆಯಲ್ಲಿ ಎಲ್ಲರೂ ಸೇರಿಯೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಒಂದು ಸೋಮವಾರ ನಾನು ಆಟ ತೆರೆದಾಗ ಮಂತ್ರಿ ಪರಿಷತ್ತಿನ ಕಟ್ಟಡಕ್ಕೆ ಲಂಡನ್ನಿನ ಪ್ರಧಾನಿ ನಿವಾಸದಂಥ ಕಪ್ಪು ಬಾಗಿಲು ಬಂದಿತ್ತು. ಪಕ್ಕದಲ್ಲಿ 'ಸಂಪುಟ ಪುನಾರಚನೆ' ಎಂಬ ಗುಂಡಿ. ಒತ್ತಿದರೆ ಸಚಿವರು ಒಬ್ಬೊಬ್ಬರಾಗಿ ಆ ಬಾಗಿಲಿಗೆ ನಡೆದು ಬರುತ್ತಾರೆ. ಕೆಲವರು ನಗುತ್ತಾ ಹೊರಬರುತ್ತಾರೆ, ಕೆಲವರು ತಲೆ ತಗ್ಗಿಸಿ. ಅಧ್ಯಕ್ಷ ಹೇಳಿದ್ದೇ ಕೊನೆ. ಪಕ್ಷದ ಏಣಿಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿತ್ತು. ಸಭಾಂಗಣದಲ್ಲಿ ಎದುರುಬದುರು ಬೆಂಚುಗಳಿದ್ದವು. ಎದುರಿನ ಬೆಂಚಿನಲ್ಲಿ ವಿರೋಧ ಪಕ್ಷದ ನಾಯಕ ಕೂತಿದ್ದ. ಆತನ ಹಿಂದೆ, ಬ್ರಿಟನ್ನಿನಲ್ಲಿರುವಂತೆ ಒಬ್ಬೊಬ್ಬ ಸಚಿವರ ಮೇಲೂ ಕಣ್ಣಿಡುವ ಛಾಯಾ ಸಚಿವರ ಸಾಲು. ನನ್ನ ಲಘು ಕೈಗಾರಿಕೆ ಸಚಿವರಿಗೂ ಒಬ್ಬ ಛಾಯಾ ಸಚಿವ, ಬೂಟಿನ ಬಗ್ಗೆ ಪ್ರಶ್ನೆ ಕೇಳಲು.

ನಗು ಬರಬೇಕಿತ್ತು. ಬರಲಿಲ್ಲ.

"ಒಂದೇ ಪಕ್ಷದ ದೇಶದಲ್ಲಿ ವಿರೋಧ ಪಕ್ಷದ ನಾಯಕ ಎಲ್ಲಿಂದ ಬಂದ?" ಎಂದು ಅವನನ್ನು ಕೇಳಿದೆ.

"ನಾಟಕೀಯತೆಗೆ ಬೇಕು," ಎಂದ. "ಜನಕ್ಕೆ ಗೊತ್ತಿರುವುದು ಇದೇ ತಾನೆ? ಸಂಪುಟ ಎಂದರೆ ಹೀಗೇ ಇರುತ್ತದೆ."

"ನಿಮ್ಮ ಸಂಪುಟ ಹೀಗಿರುತ್ತದೆ."

"ನೀನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೀಯ. ಅಂದಹಾಗೆ, ನಿಮ್ಮ ಕಡೆಯೂ ಕಮ್ಯುನಿಸ್ಟರಿದ್ದಾರಲ್ಲ? ನಿನಗೆ ಸ್ವಲ್ಪ ಹತ್ತಿರದ ವಿಷಯ ಇರಬೇಕು."

"ಪಕ್ಕದ ರಾಜ್ಯದಲ್ಲಿ," ಎಂದೆ. "ಚುನಾವಣೆಗೆ ನಿಲ್ಲುತ್ತಾರೆ, ಸೋಲುತ್ತಾರೆ ಕೂಡ."

ಅವನು ನಕ್ಕು ಭುಜ ಕುಣಿಸಿದ. ನಾನು ಸಿಟ್ಟು ಬಂದಾಗ ದನಿ ಏರಿಸುವವಳಲ್ಲ. ಮಾತು ಇನ್ನಷ್ಟು ಚಿಕ್ಕದಾಗುತ್ತದೆ, ಅಷ್ಟೆ. ಅದನ್ನು ಜನ ಒಪ್ಪಿಗೆ ಎಂದುಕೊಳ್ಳುತ್ತಾರೆ.

ಅದೇ ವಾರ ಪಕ್ಷದ ಏಣಿ ತೆಗೆಯಲು ಇನ್ನೊಂದು ಕಾರಣ ಹುಟ್ಟಿತು. ಆಟದಲ್ಲಿ ಒಂದು ತಿಂಗಳು ಮುಗಿಸುವ ಗುಂಡಿ ಒತ್ತಿದರೆ ಎಲ್ಲವೂ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಚಹಾದ ಕಪ್ಪು ಎತ್ತಿ ಒಂದು ಗುಟುಕು ಕುಡಿದು ಇಡುವಷ್ಟು ಹೊತ್ತು. ಬೆಳಗಿನ ಸಭೆಯಲ್ಲಿ ಮುಖ್ಯಸ್ಥ ಪ್ರೋಗ್ರಾಮರ್ ಕಡೆ ತಿರುಗಿ, "ಇದು ಈ ಸಚಿವಾಲಯಗಳ ಲೆಕ್ಕದಿಂದಲೇ ಅಲ್ಲವೇ? ಅಷ್ಟೊಂದು ಇವೆ, ಮೇಲೆ ಎರಡೆರಡು ಏಣಿ," ಎಂದ.

ಧಾರವಾಡದವರು ತಲೆಯಾಡಿಸಿದರು. "ಇರಬಹುದು," ಎಂದರು.

"ಸರಿ ಹಾಗಾದರೆ. ಪಕ್ಷದ ಏಣಿ ತೆಗೆದರೆ ಆಟ ಹಗುರಾಗುತ್ತದೆ. ಶುಕ್ರವಾರ ಅಂತಿಮ ಮಾಡೋಣ."

ಇರಬಹುದು ಎಂಬ ಆ ಒಂದು ಮಾತಿನ ಮೇಲೆ ನನ್ನ ಇಡೀ ಕೆಲಸ ನಿಂತಿತು. ಮಧ್ಯಾಹ್ನ ಅವರ ಹತ್ತಿರ ಹೋಗಿ, ಅಳತೆ ತೆಗೆದಿದ್ದೀರಾ ಎಂದು ಕೇಳಿದೆ. ಆಟದ ಒಳಗೆ ಯಾವ ಭಾಗ ಎಷ್ಟು ಸಮಯ ತಿನ್ನುತ್ತಿದೆ ಎಂದು ತೋರಿಸುವ ಉಪಕರಣವಿದೆ, ಪ್ರೊಫೈಲರ್ ಎನ್ನುತ್ತೇವೆ. ನಾಳೆ ತೆಗೀತೀನಿ ಎಂದರು. ಮಾರನೆಯ ದಿನವೂ ನಾಳೆ ಎಂದರು. ಡಬ್ಬಿ ತೆರೆದು ಚಪಾತಿ ಮುಂದಿಟ್ಟರು. ಬೇಡ ಎಂದೆ.

ಅದು ಪ್ರೋಗ್ರಾಮರುಗಳ ಉಪಕರಣ, ನಮ್ಮದಲ್ಲ. ಆದರೂ ಬಳಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಊಟದ ಹೊತ್ತಿನಲ್ಲಿ ಹೇಗೆ ಬಳಸುವುದೆಂದು ಓದಿಕೊಂಡು ನಾನೇ ಓಡಿಸಿದೆ. ತಿಂಗಳು ಮುಗಿಸುವ ಗುಂಡಿ ಒತ್ತಿದೆ, ಆಟ ನಿಂತಿತು, ಮತ್ತೆ ನಡೆಯಿತು. ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು ಮೂಡಿದವು. ಎಲ್ಲ ಸಚಿವಾಲಯಗಳು, ಸಮಿತಿಗಳು, ಪಕ್ಷದ ಎಲ್ಲ ವಿಭಾಗಗಳು ಸೇರಿ ಒಂದು ಹಸಿರು ಗೀರು. ಹಿಗ್ಗಿಸಿ ನೋಡಿದರೆ ಮಾತ್ರ ಕಾಣುವಂಥದ್ದು. ಉಳಿದ ಜಾಗವನ್ನೆಲ್ಲ ಒಂದೇ ದಪ್ಪ ಕಿತ್ತಳೆ ಪಟ್ಟಿ ತುಂಬಿತ್ತು. ಅದು ಆಟವನ್ನು ತಾನಾಗಿ ಉಳಿಸಿಡುವ ಭಾಗ. ಪ್ರತಿ ತಿಂಗಳ ಕೊನೆಗೆ ಇಡೀ ದೇಶವನ್ನು, ಪ್ರತಿಯೊಂದು ಲಾರಿ ಹುಟ್ಟಿದಂದಿನಿಂದ ಓಡಿದ ದಾರಿಯ ಸಮೇತ, ಡಿಸ್ಕಿಗೆ ಬರೆಯುತ್ತಿತ್ತು. ಬರೆದು ಮುಗಿಯುವವರೆಗೆ ಬೇರೆಲ್ಲವೂ ಕಾಯಬೇಕು. ಆ ಭಾಗವನ್ನು ಬರೆದವರು ಧಾರವಾಡದವರು. ಮೇಲೆ ಅವರದೇ ಟಿಪ್ಪಣಿಯಿತ್ತು: ತಾತ್ಕಾಲಿಕ, ಆಮೇಲೆ ಸರಿಪಡಿಸುವುದು.

ನಂಬಲಾಗದೆ ಮತ್ತೆ ಮತ್ತೆ ಓಡಿಸಿದೆ. ಪ್ರತಿ ಸಲ ಅದೇ ಕಿತ್ತಳೆ.

ಸಂಜೆ ಅವರು ಕಾರಿನ ಕಡೆ ಹೊರಟಾಗ ಜೊತೆಗೆ ನಡೆದೆ. ಕಾಲುವೆಯ ಪಕ್ಕದ ದಾರಿ, ಬೇರೆ ಯಾರೂ ಇರಲಿಲ್ಲ.

"ನಾನು ಅಳತೆ ತೆಗೆದೆ," ಎಂದೆ.

ಅವರು ನಿಂತರು. "ಹೌದಾ."

"ನಿಮಗೆ ಗೊತ್ತಿತ್ತಾ?"

"ಅಂದಾಜಿತ್ತು."

"ಅಂದಾಜಿದ್ದೂ ತಲೆಯಾಡಿಸಿದ್ರಿ."

"ನಾನೆಲ್ಲಿ ಹೌದು ಅಂದೆ? ಇರಬಹುದು ಅಂದೆ ಅಷ್ಟೆ."

"ಅವನಿಗೆ ಅಷ್ಟೇ ಸಾಕಿತ್ತು. ನಿಮಗೂ ಅದು ಗೊತ್ತಿತ್ತು."

ಅವರ ಬೆಂಗಳೂರು ಕನ್ನಡ ಅಲ್ಲಿಗೆ ಕಳಚಿತು. "ಏನ್ ಮಾಡ್ಬೇಕಿತ್ತವಾ ನಾನು? ಎಲ್ಲಾರ ಮುಂದ ನನ್ನ ಕೋಡೇ ಕೆಟ್ಟದ ಅಂತ ಹೇಳ್ಬೇಕಿತ್ತೇನು? ಮುಂದಿನ ವರ್ಷ ಇಲ್ಲೇ ಇರ್ಲಿಕ್ಕೆ ಅರ್ಜಿ ಹಾಕೋದದ. ಎರಡ ಮಕ್ಕಳದಾವ, ಮಾರ್ಟ್‌ಗೇಜ್ ಅದ. ಸ್ಟುಡಿಯೋದಾಗ ಯಾರನ್ನರ ತಗೀತಾರಂತ ಸುದ್ದಿ ಬ್ಯಾರೆ."

"ನನ್ನನ್ನ ತೆಗೀತಾರೆ. ಸುದ್ದಿ ಅಲ್ಲ ಅದು."

"ನೀ ಸಣ್ಣಾಕಿ ಇದ್ದಿ. ಒಬ್ಬಾಕಿ. ಬ್ಯಾರೆ ಕಡೆ ಸಿಗ್ತದ ನಿನಗ."

ಒಬ್ಬಳು ಎಂಬ ಕಾರಣಕ್ಕೆ ನನ್ನ ಕೆಲಸ ಹಗುರ ಎಂದು ಅವರು ಲೆಕ್ಕ ಹಾಕಿ ಮುಗಿಸಿದ್ದರು. ಬೇರೆ ಯಾರಾದರೂ ಇದನ್ನು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನನ್ನದೇ ಭಾಷೆಯಲ್ಲಿ, ತಂಗಿಗೆ ಬುದ್ಧಿ ಹೇಳುವ ಧಾಟಿಯಲ್ಲಿ ಹೇಳಿದರು.

"ಶುಕ್ರವಾರ ಸಭೇಲಿ ನಿಮ್ಮನ್ನ ಕೇಳ್ತೀನಿ," ಎಂದೆ. "ಅಳತೆ ಏನು ಹೇಳುತ್ತೆ ಅಂತ. ಆಗ ಇರಬಹುದು ಅನ್ನಬೇಡಿ."

ಕೇಳಿದೆ. ಕಿತ್ತಳೆ ಪಟ್ಟಿಯನ್ನು ದೊಡ್ಡ ಪರದೆಗೆ ಹಾಕಿ, ಸಚಿವಾಲಯಗಳು ಯಾವುವು ತೋರಿಸಿ ಎಂದು ಅವರನ್ನೇ ಕೇಳಿದೆ. ಅವರು ಮುಖ್ಯಸ್ಥನ ಮುಖ ನೋಡಿದರು, ಪರದೆ ನೋಡಿದರು. ಕೊನೆಗೆ, "ಆ ಹಸಿರು," ಎಂದರು. "ಆಟದ ನಿಧಾನಕ್ಕೆ ಅದು ಕಾರಣವಲ್ಲ."

ಗೆದ್ದೆ ಎಂದುಕೊಂಡೆ.

ಮುಖ್ಯಸ್ಥ ತಲೆದೂಗಿದ. "ಒಳ್ಳೆ ಕೆಲಸ. ಆದರೆ ವೇಗದ ಪ್ರಶ್ನೆಯೇ ಅಲ್ಲ ಇದು. ಜನಕ್ಕೆ ಮಜಾ ಬರಬೇಕು. ಎರಡನೇ ಏಣಿ ತೆಗೆಯೋಣ ಎಂದು ನಾವು ಆಗಲೇ ಮಾತಾಡಿಕೊಂಡಿದ್ದೇವೆ. ಎಲ್ಲರಿಗೂ ಒಪ್ಪಿಗೆ ತಾನೆ?"

ನಾವು ಎಂದರೆ ಯಾರು ಎಂದು ಕೇಳಿದೆ. ಗುರುವಾರ ಸಂಜೆ ಕ್ಲೈಂಬಿಂಗ್ ಜಿಮ್ಮಿಗೆ ಗೋಡೆ ಹತ್ತಲು ಹೋಗುವವರು. ಮುಖ್ಯಸ್ಥ, ಕಲಾ ವಿಭಾಗದ ಹಿರಿಯ, ಸ್ಟುಡಿಯೋ ಕಟ್ಟಿದ ಮಾಲೀಕ. ಹಗ್ಗ ಹಿಡಿದು ಮೇಲೆ ಹತ್ತುವ ಮಧ್ಯೆ ಅವರು ತೀರ್ಮಾನಿಸಿದ್ದರು. ಶುಕ್ರವಾರ ನಾವೆಲ್ಲ ಕೈ ಎತ್ತುತ್ತಿದ್ದೆವು. ಇಷ್ಟು ತಿಂಗಳು ಪ್ರತಿ ಶುಕ್ರವಾರ ನಾನೂ ಎತ್ತಿದ್ದೆ. ಕುರ್ಚಿ ಮತ್ತು ಕೈಗಳ ಬಗ್ಗೆ ಒಂದು ದೇಶದಷ್ಟು ನಿಯಮ ಬರೆದವಳಿಗೆ ತಾನು ಕೂತ ಕೋಣೆ ಕಂಡಿರಲಿಲ್ಲ. ಆ ದಿನ ಕೈ ಎತ್ತಲಿಲ್ಲ. ಅದರಿಂದ ಏನೂ ಬದಲಾಗಲಿಲ್ಲ.

ಆ ಸಿಟ್ಟು ವಾರಾಂತ್ಯವೆಲ್ಲ ಇಳಿಯಲಿಲ್ಲ. ಪಾತ್ರೆ ತೊಳೆಯುವಾಗ, ಅಂಗಡಿಯಲ್ಲಿ ಸಾಲು ನಿಂತಾಗ ಅವನಿಗೆ ಹೇಳಬೇಕಿದ್ದ ಮಾತುಗಳನ್ನೇ ಜೋಡಿಸುತ್ತಿದ್ದೆ. ಭಾನುವಾರ ಅವು ಸಾಕಾದವು. ಕೆಲಸದ ಬಗ್ಗೆ ಯೋಚಿಸಲು ಶುರು ಮಾಡಿದೆ.

ನನ್ನ ನಕ್ಷೆ ಏಕೆ ಸೋತಿತು? ಎರಡನೇ ಏಣಿಯ ಗುಣವೇ ಕಾಣದಿರುವುದು. ಕಾಣದ್ದನ್ನು ನಕ್ಷೆಯಲ್ಲಿ ಬರೆದರೆ ಅದು ಪಾಠವಾಗುತ್ತದೆ, ಬರೆಯದಿದ್ದರೆ ದೋಷವಾಗುತ್ತದೆ. ಪರೀಕ್ಷೆಗೆ ಬಂದವರಿಗೆ ಸಿಟ್ಟು ಬಂದಿತ್ತು. ಆದರೆ ಆ ಸಿಟ್ಟು ಯಂತ್ರದ ಮೇಲೆ ಹೋಗಿತ್ತು. ಅದು ಒಬ್ಬ ಮನುಷ್ಯನ ಮೇಲೆ ಹೋಗಬೇಕು. ಹಾಗಾದರೆ ಆ ಮನುಷ್ಯನ ದನಿಯಷ್ಟು ಕೇಳಿಸಿದರೆ ಸಾಕು.

ಒಂದು ಟೆಲಿಫೋನ್ ಇಟ್ಟೆ. ಅಧ್ಯಕ್ಷರು ಸಚಿವರನ್ನು ಆರಿಸಿದ ಕೆಲವು ದಿನಗಳ ಮೇಲೆ ಮೇಜಿನ ಫೋನ್ ಹೊಡೆದುಕೊಳ್ಳುತ್ತದೆ. ಎತ್ತಿದರೆ ಒಂದು ಮೆತ್ತನೆಯ ದನಿ, ಹೆಸರು ಹೇಳುವುದಿಲ್ಲ. "ಒಳ್ಳೆಯ ಆಯ್ಕೆ, ಕಾಮ್ರೇಡ್ ಅಧ್ಯಕ್ಷರೇ. ಅಷ್ಟು ಒಳ್ಳೆಯವರು ಬೇರೆ ಕಡೆ ಬೇಕಾಗಿದ್ದಾರೆ." ಅಷ್ಟೇ. ಫೋನ್ ಇಟ್ಟಾಗ ಬೇರೆ ಹೆಸರು ಬಂದಿರುತ್ತದೆ. ಆ ದನಿ ಯಾವ ವಿಭಾಗದ್ದು, ಯಾರನ್ನು ಒಲಿಸಿಕೊಂಡರೆ ಬೂಟಿಗೆ ತೊಗಲು ಸಿಗುತ್ತದೆ ಎಂದು ಆಡುವವರೇ ಹುಡುಕಬೇಕು. ಇದಕ್ಕೆ ಹೊಸ ಪ್ರೋಗ್ರಾಮ್ ಬೇಕಿರಲಿಲ್ಲ. ಆಟದೊಳಗಿನ ಘಟನೆಗಳನ್ನು ಬರೆಯಲು ನಮಗಿದ್ದ ಸೌಲಭ್ಯವೇ ಸಾಕು. ಆಟದ ಒಂದು ಪ್ರತಿಯನ್ನು ಪ್ರತ್ಯೇಕಿಸಿಕೊಂಡು, ಏಣಿಯನ್ನು ಮತ್ತೆ ಹಾಕಿ, ದನಿಯನ್ನು ನಾನೇ ರೆಕಾರ್ಡ್ ಮಾಡಿದೆ.

ಮುಖ್ಯಸ್ಥನಿಗೆ ಸಂದೇಶ ಕಳಿಸಿದೆ, ಹೊಸದೊಂದಿದೆ ಆಡಿ ನೋಡಿ ಎಂದು. ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಬಂತು. ಆಡಲಿಲ್ಲ. ಮತ್ತೆ ಕೇಳಿದೆ. "ಅದು ಮುಗಿದ ಮಾತು," ಎಂದ, ನಗುತ್ತಲೇ.

ಆಗ ನಾನು ಒಂದು ತೀರ್ಮಾನ ಮಾಡಿದೆ. ನನ್ನ ಸ್ವಭಾವಕ್ಕೆ ಒಗ್ಗುವಂಥದ್ದಲ್ಲ. ಗೋಡೆ ಹತ್ತುವವರ ಮೇಲೂ ಒಬ್ಬರಿದ್ದರು. ಆಟಕ್ಕೆ ದುಡ್ಡು ಹಾಕಿದ ಪಬ್ಲಿಷರ್ ಮ್ಯಾಂಚೆಸ್ಟರ್‌ನಲ್ಲಿದ್ದರು. ಒಪ್ಪಿದ ಯಾವ ಭಾಗವನ್ನಾದರೂ ಕೈಬಿಡಬೇಕಾದರೆ ಅವರ ನಿರ್ಮಾಪಕಿ ಹೂಂ ಎನ್ನಬೇಕು, ಇದು ಎಲ್ಲರಿಗೂ ಗೊತ್ತಿದ್ದ ವಿಚಾರ. ಪಕ್ಷದ ಏಣಿಯೂ ಒಪ್ಪಿದ ಭಾಗಗಳಲ್ಲಿ ಒಂದು. ಒಂದು ದಿನ ರಜೆ ಹಾಕಿ, ಲ್ಯಾಪ್‌ಟಾಪ್ ಎತ್ತಿಕೊಂಡು ರೈಲು ಹತ್ತಿದೆ. ಬರುತ್ತೇನೆಂದು ಆಕೆಗೆ ಮಾತ್ರ ತಿಳಿಸಿದ್ದೆ. ಪರಿಷತ್ತನ್ನು ಬಿಟ್ಟು ಪಕ್ಷದ ಬಾಗಿಲು ತಟ್ಟುವ ಸಚಿವರನ್ನು ನಾನೇ ಎಷ್ಟೋ ಜನ ಸೃಷ್ಟಿಸಿದ್ದೆ. ಅವರಲ್ಲಿ ಯಾರ ಬಗ್ಗೆಯೂ ನನಗೆ ಗೌರವವಿರಲಿಲ್ಲ.

ನಿರ್ಮಾಪಕಿ ಐವತ್ತರ ಆಸುಪಾಸಿನವಳು, ಆ ಕಡೆಯ ರೂಢಿಯಂತೆ ಎಲ್ಲರನ್ನೂ 'ಲವ್' ಎಂದೇ ಕರೆಯುವ ಮ್ಯಾಂಚೆಸ್ಟರ್‌ನ ಹೆಂಗಸು.

"ನಿನ್ನನ್ನು ಕಳಿಸಿದ್ದು ಯಾರು, ಲವ್?"

"ಯಾರೂ ಕಳಿಸಿಲ್ಲ."

"ಅವನಿಗೆ ಗೊತ್ತಾ?"

"ಇಲ್ಲ. ನೀವು ಆಡಿದ ಮೇಲೆ ನಾನೇ ಹೇಳುತ್ತೇನೆ. ನಾನು ಏನನ್ನೂ ವಿವರಿಸುವುದಿಲ್ಲ. ಆಡಿ."

ಆಕೆ ಕನ್ನಡಕ ಏರಿಸಿ ಕೂತಳು. ಲಘು ಕೈಗಾರಿಕೆಗೆ ಒಬ್ಬ ಚುರುಕು ಹೆಂಗಸನ್ನು ಆರಿಸಿದಳು. ಫೋನ್ ಹೊಡೆದುಕೊಂಡಿತು. ನನ್ನದೇ ದನಿ ಕೇಳಿ ನಾನು ಕಿಟಕಿಯತ್ತ ತಿರುಗಿದೆ. ಒಬ್ಬ ಬೋಳುತಲೆಯವ ಬಂದು ಕುರ್ಚಿಯಲ್ಲಿ ಕೂತ.

"ಏ! ಇವನು ಯಾವನು? ನಾನು ಇವನನ್ನು ಕೇಳಿದೆನಾ?"

ಬೋಳುತಲೆಯವನ ಮೇಲೆ ಕ್ಲಿಕ್ ಮಾಡಿದಳು, ಅವನು ಕದಲಲಿಲ್ಲ.

"ಫೋನಲ್ಲಿ ಯಾರದು? ಎಲ್ಲಿ ಕೂತಿದ್ದಾನೆ ಅವನು?" ಆಕೆ ಪರದೆಯ ಮೂಲೆಮೂಲೆ ಹುಡುಕಿದಳು. ಬೂಟಿನ ಕೊರತೆಯ ಸುದ್ದಿ ಬಂತು. ಮಾಂಸದ ಸಚಿವನನ್ನು ಬೈದಳು. ಅವನನ್ನು ತೆಗೆಯಲು ಹೋದಳು, ಮತ್ತೆ ಫೋನ್. ಎತ್ತದೆ ಬಿಟ್ಟಳು. ಅದು ಹೊಡೆದುಕೊಳ್ಳುತ್ತಲೇ ಇತ್ತು. "ಎತ್ತದಿದ್ದರೆ ಏನಾಗುತ್ತೆ?"

"ನೀವೇ ನೋಡಿ."

ಆಕೆಯ ಮುಂದಿನ ಸಭೆಗೆ ಕರೆಯಲು ಬಂದವರನ್ನು ಆಕೆ ಕೈಸನ್ನೆಯಲ್ಲೇ ಹೊರಗೆ ಕಳಿಸಿದಳು. ಕೊನೆಗೆ ಕುರ್ಚಿಗೆ ಒರಗಿದಾಗ ಮುಖ ಕೆಂಪಾಗಿತ್ತು. "ನನಗೆ ಆ ಫೋನಿನವನನ್ನು ಹಿಡಿಯಬೇಕು," ಎಂದಳು. ಆಮೇಲೆ ಕಪ್ಪು ಬಾಗಿಲಿನ ಆವೃತ್ತಿಯನ್ನೂ ತೋರಿಸು ಎಂದಳು. ತೋರಿಸಿದೆ. ವಿರೋಧ ಪಕ್ಷದ ನಾಯಕ ಎದ್ದು ನಿಂತಾಗ ಆಕೆ ಪುಸಕ್ಕನೆ ನಕ್ಕಳು. "ಇಂಥದ್ದನ್ನು ನಾನು ಟಿವಿಯಲ್ಲಿ ಪ್ರತಿ ಬುಧವಾರ ನಮ್ಮ ಸಂಸತ್ತಿನ ಪ್ರಶ್ನೋತ್ತರದಲ್ಲಿ ನೋಡುತ್ತೇನೆ, ಲವ್. ಪುಕ್ಕಟೆ."

ಮುಖ್ಯಸ್ಥನಿಗೆ ನಾನೇ ಹೇಳಬೇಕೆಂದಿದ್ದೆ. ಹಿಂತಿರುಗುವ ರೈಲಿನಿಂದ ಸಂದೇಶ ಬರೆದೆ, ಎಲ್ಲಿಗೆ ಹೋಗಿದ್ದೆ, ಏನು ತೋರಿಸಿದೆ ಎಂದು. ಉತ್ತರ ಬರಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಸಣ್ಣ ಕೋಣೆಗೆ ಕರೆದ. ಆ ದಿನ ಅವನು ನಗುತ್ತಿರಲಿಲ್ಲ.

"ನೀನು ನನ್ನ ಬೆನ್ನ ಹಿಂದೆ ಹೋದೆ."

"ಮುಂದೆ ಬಂದಿದ್ದೆ. ಮೂರು ಸಲ."

"ಏಣಿ ಉಳಿಯುತ್ತದೆ. ನಿನ್ನ ಗುತ್ತಿಗೆಯೂ ಮುಂದುವರಿಯುತ್ತದೆ. ಇನ್ನು ಮುಂದೆ ಮ್ಯಾಂಚೆಸ್ಟರ್ ಜೊತೆ ಏನಿದ್ದರೂ ನನ್ನ ಮೂಲಕ."

"ಆಗಲಿ. ಒಂದು ವಿಷಯ. ಆಟ ನಿಧಾನವಾಗಿದ್ದು ಸಚಿವಾಲಯಗಳಿಂದಲ್ಲ ಎಂದು ನೀವು ಎಲ್ಲರ ಮುಂದೆ ಹೇಳಬೇಕು."

"ಅದು ಈಗೇಕೆ? ಮುಗಿಯಿತಲ್ಲ."

"ಸಭೆಯಲ್ಲಿ ಹೇಳಿದಿರಿ. ಸಭೆಯಲ್ಲೇ ತಿದ್ದಿ."

ಶುಕ್ರವಾರ ಹೇಳಿದ. ಪಬ್ಲಿಷರ್ ಅಭಿಪ್ರಾಯ ಪರಿಗಣಿಸಿ ನಾವು ಎರಡನೇ ಏಣಿ ಉಳಿಸಲು ನಿರ್ಧರಿಸಿದ್ದೇವೆ ಎಂದ. ನಿಧಾನಕ್ಕೆ ಕಾರಣ ಬೇರೆ ಎಂದೂ ಒಂದು ವಾಕ್ಯ ಸೇರಿಸಿದ. ಎಲ್ಲರೂ ಕೈ ಎತ್ತಿದರು, ಹಿಂದಿನ ವಾರ ಅದನ್ನು ತೆಗೆಯಲು ಎತ್ತಿದ ಅವೇ ಕೈಗಳು. ಯಾರೋ ಕೇಳಿದರು, ಹಾಗಾದರೆ ನಿಧಾನ ಮಾಡುತ್ತಿರುವುದು ಏನು? ಧಾರವಾಡದವರು ಮೇಜು ನೋಡುತ್ತಾ, "ಸೇವ್ ಮಾಡುವ ಭಾಗ. ನಾನು ನೋಡುತ್ತೇನೆ," ಎಂದರು. ಯಾರೂ ಅವರನ್ನು ಏನೂ ಅನ್ನಲಿಲ್ಲ. ಕೆಲಸದಿಂದ ತೆಗೆಯುವ ಮಾತಂತೂ ಬರಲೇ ಇಲ್ಲ. ಮುಖ್ಯಸ್ಥ, "ಚಿಂತೆಯಿಲ್ಲ, ಆಗುತ್ತಿರುತ್ತದೆ," ಎಂದು ಮುಂದಿನ ವಿಷಯಕ್ಕೆ ಹೋದ.

ಸೋಮವಾರ ಬೆಳಿಗ್ಗೆ ಅವರು ಕೆಲಸಕ್ಕೆ ಕೂತರು. ಲಾರಿಗಳ ಹಳೆಯ ದಾರಿಗಳನ್ನು ಬರೆಯುವುದು ನಿಲ್ಲಿಸಿದರು. ಉಳಿದದ್ದನ್ನು ಆಟ ನಡೆಯುತ್ತಿರುವಾಗಲೇ ಹಿಂದಿನಿಂದ ಬರೆಯುವಂತೆ ಮಾಡಿದರು. ಊಟಕ್ಕೆ ಮೊದಲು ಮುಗಿಯಿತು. ನನ್ನ ಮೇಜಿನ ಹತ್ತಿರ ಬಂದು, ನನ್ನ ಮೌಸನ್ನು ತಾವೇ ಹಿಡಿದು, ತಿಂಗಳು ಮುಗಿಸುವ ಗುಂಡಿ ಒತ್ತಿದರು. ತಿಂಗಳು ಕಣ್ಣು ಮಿಟುಕಿಸುವುದರೊಳಗೆ ಕಳೆದುಹೋಯಿತು. ಮತ್ತೆ ಒತ್ತಿದರು. ಫೆಬ್ರುವರಿ, ಮಾರ್ಚ್, ಏಪ್ರಿಲ್.

"ನೋಡವಾ, ಹೆಂಗ ಓಡ್ತದ ಈಗ," ಎಂದರು. ಮುಖ ಅರಳಿತ್ತು. ನಿಜವಾಗಿಯೂ ಖುಷಿಯಾಗಿದ್ದರು, ನಾನೂ ಖುಷಿಪಡಬೇಕೆಂದು ಕಾಯುತ್ತಿದ್ದರು.

ಅರ್ಧ ದಿನದ ಕೆಲಸ. ಆ ಅರ್ಧ ದಿನ ಅವರ ಬಳಿ ಮೊದಲಿನಿಂದಲೂ ಇತ್ತು.

"ಮೌಸ್ ಕೊಡಿ," ಎಂದೆ. "ನನಗೆ ಕೆಲಸ ಇದೆ."